ಬರೆಯುವ ಮೂಲೆಗೆ ಮೊದಲು ಗೋಡೆ ಬೇಕು, ಬೆಂಚಲ್ಲ

ಎಲ್‌ಕೆಜಿಗೆ ಸೇರಿಸಿ ಮೂರು ತಿಂಗಳಾಗಿರುವುದಿಲ್ಲ, ಆಗಲೇ ದೂರು ಶುರು. "ಅಕ್ಷರ ದುಂಡಗೆ ಬರ್ತಾನೇ ಇಲ್ಲ ಮಿಸ್." ಮಿಸ್ ಇನ್ನೊಂದು ಕಾಪಿ ಪುಸ್ತಕ ಕೊಡುತ್ತಾರೆ. ಚುಕ್ಕೆ ಸೇರಿಸು, ಹತ್ತು ಸಲ ತಿದ್ದು. ಇದನ್ನು ನೋಡಿದರೆ ನನಗೆ ರೇಗುತ್ತದೆ. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೆತ್ತನೆಯ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಒಂದೊಂದಾಗಿ ಗಟ್ಟಿಯಾಗುತ್ತಾ ಕೊನೆಯದು ಕಾಣಿಸಿಕೊಳ್ಳುವ ಹೊತ್ತಿಗೆ ಮಗು ಮೂರನೇ ಕ್ಲಾಸು ದಾಟಿರುತ್ತದೆ. ಮೂಳೆಯೊಂದೇ ಕಾರಣ ಅಂತಲ್ಲ. ಕೈ ಪಳಗುವುದೇ ಮೇಲಿನಿಂದ ಕೆಳಕ್ಕೆ, ಮೊದಲು ಭುಜ, ಆಮೇಲೆ ಮೊಣಕೈ, ಕಡೆಗೆ ಬೆರಳು. ನಾವು ಬೆರಳಿಂದಲೇ ಶುರು ಮಾಡಿಸುತ್ತೇವೆ!

ಹಾಗಾದರೆ ತರಗತಿಯಲ್ಲಿ ಬರೆಯುವ ಮೂಲೆ ಹೇಗಿರಬೇಕು? ಬಣ್ಣದ ಮೇಜು, ಪೆನ್ಸಿಲ್ ಡಬ್ಬಿ ಎಲ್ಲ ಆಮೇಲೆ. ಮೊದಲು ಗೋಡೆಗೆ ಕಪ್ಪು ಬಣ್ಣ ಬಳಿಯಿರಿ. ಮಗುವಿನ ಹೊಟ್ಟೆಯ ಮಟ್ಟದಿಂದ ತಲೆಯ ಮಟ್ಟದವರೆಗೆ ಸಾಕು.

ಯಾಕೆ ಗೋಡೆ? ಒಂದು ಸಣ್ಣ ಪ್ರಯೋಗ ಮಾಡಿ. ಮೊಣಕೈ ಮೇಜಿನ ಮೇಲೂರಿ, ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ನೆಟ್ಟಗೆ ನಿಲ್ಲಿಸಿ, ಅಂಗೈ ಮುಂದಕ್ಕೆ ಜೋತುಬೀಳಲು ಬಿಡಿ. ಬೆರಳು ತಾನಾಗಿ ಬಿಚ್ಚಿಕೊಂಡವು, ಅಲ್ವಾ? ಈಗ ಮಣಿಕಟ್ಟನ್ನು ಮಾತ್ರ ನಿಧಾನಕ್ಕೆ ಹಿಂದಕ್ಕೆ ಬಾಗಿಸಿ. ಬೆರಳಿಗೆ ನೀವೇನೂ ಹೇಳಿಲ್ಲ, ಆದರೂ ಅವು ಒಳಕ್ಕೆ ಮಡಚಿಕೊಂಡು ಹೆಬ್ಬೆರಳು ತೋರುಬೆರಳಿನ ಕಡೆ ಸರಿಯುತ್ತದೆ. ಬೆರಳು ಮಡಚುವ ಸ್ನಾಯುಗಳಲ್ಲಿ ದೊಡ್ಡವು ಇರುವುದು ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜುಗಳು ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಮಣಿಕಟ್ಟು ದಾಟಿ ಬೆರಳ ತುದಿಗೆ ಹೋಗುತ್ತವೆ. ಮಣಿಕಟ್ಟು ಹಿಂದಕ್ಕೆ ಬಾಗಿದರೆ ವೈರ್ ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಇದಕ್ಕೆ ಟೆನೊಡೆಸಿಸ್ ಅನ್ನುತ್ತಾರೆ.

ಗೋಡೆಯ ಮೇಲೆ ಎದೆಮಟ್ಟದಲ್ಲಿ ಬರೆಯುವಾಗ ಮಣಿಕಟ್ಟು ತಾನಾಗೇ ಹಿಂದಕ್ಕೆ ಬಾಗುತ್ತದೆ, ಅಂದರೆ ಅರ್ಧ ಹಿಡಿತ ಪುಕ್ಕಟೆ. ಭುಜವೂ ದುಡಿಯುತ್ತದೆ. ಅದೇ ಮಗುವನ್ನು ಕಾಲು ನೆಲ ಮುಟ್ಟದ ಎತ್ತರದ ಬೆಂಚಿನಲ್ಲಿ ಕೂರಿಸಿ ನೋಡಿ. ಮೊಣಕೈ ಮೇಲೇರುತ್ತದೆ, ಮಣಿಕಟ್ಟು ಒಳಕ್ಕೆ ಮಡಚುತ್ತದೆ, ಹಿಡಿತ ಸಾಲದೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಸುಕುತ್ತದೆ, ಆಮೇಲೆ ಕೈನೋವು ಅಂತ ಅಳು.

ಇನ್ನೊಂದು ಮಾತು. ಇಡೀ ಸೀಮೆಸುಣ್ಣ ಕೊಡಬೇಡಿ, ಮುರಿದು ಅರ್ಧ ಬೆರಳುದ್ದದ ತುಂಡು ಕೊಡಿ. ಮುಷ್ಟಿಗೆ ಸಿಗುವಷ್ಟು ಉದ್ದವೇ ಇರದಿದ್ದರೆ ಮಗು ಬೆರಳ ತುದಿಯಲ್ಲೇ ಹಿಡಿಯುತ್ತದೆ, ಯಾರೂ ಹೇಳಿಕೊಡಬೇಕಿಲ್ಲ.

ಇದೇನು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳಲ್ಲಿ ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ. ಒಬ್ಬೊಬ್ಬರಿಗೂ ಒಂದು ಪಾಲು. ಬರೆದದ್ದನ್ನು ನೇತುಹಾಕಲು ತಲೆಯ ಮೇಲೆ ದಾರದ ಚಪ್ಪರ. ಅಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ ಗ ಸ ದ ಅ ಅಂತ, ಒಂದರ ತಿರುವು ಇನ್ನೊಂದಕ್ಕೆ ನೆರವಾಗುವ ಅಕ್ಷರಗಳಿಂದ ಶುರು. ಸಾವಿರಾರು ರೂಪಾಯಿ ಫೀಸು ಕಟ್ಟಿಸಿಕೊಳ್ಳುವ ಕಡೆ ಇಂಥದ್ದು ಕಾಣುವುದು ಕಡಿಮೆ.

ಅದಕ್ಕೂ ಹಿಂದೆ ಕೂಲಿಮಠ ಅನ್ನುತ್ತಿದ್ದ ಹಳ್ಳಿಶಾಲೆಗಳಲ್ಲಿ ಮರಳ ಮೇಲೆ ಬೆರಳಲ್ಲೇ ತಿದ್ದಿಸುತ್ತಿದ್ದರು. 1789ರಲ್ಲಿ ಮದ್ರಾಸಿನ ಅನಾಥಾಲಯದ ಶಾಲೆಯ ಹೊಣೆ ಹೊತ್ತ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರ ಮಕ್ಕಳು ಹೀಗೆ ಮರಳಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಗೂ ತಂದ. 1797ರಲ್ಲಿ ಅದನ್ನೆಲ್ಲ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆಮೇಲೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೂ ಮರಳಿನ ಹಲಗೆ ಬಂತು. ಈಗ ನಾವೇ ಅದನ್ನು 'ಸ್ಯಾಂಡ್ ಟ್ರೇ' ಅಂತ ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸುತ್ತೇವೆ. ಒಂದು ತಟ್ಟೆ, ಎರಡು ಹಿಡಿ ರವೆ ಸಾಲದೇ?

ಚುಕ್ಕೆ ಸೇರಿಸುವ ಪುಸ್ತಕದ ಬಗ್ಗೆಯೂ ಹೇಳಿಬಿಡುತ್ತೇನೆ. 2012ರಲ್ಲಿ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಎಂಬ ಸಂಶೋಧಕರು, ಓದಲು ಬಾರದ ಐದು ವರ್ಷದ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಮೂರು ರೀತಿ ಕಲಿಸಿ ನೋಡಿದರು. ಸ್ವಂತ ಬರೆಯುವುದು, ಗೆರೆಯ ಮೇಲೆ ತಿದ್ದುವುದು, ಕೀಲಿ ಒತ್ತುವುದು. ಆಮೇಲೆ ಸ್ಕ್ಯಾನರಿನಲ್ಲಿ ಅಕ್ಷರ ತೋರಿಸಿದಾಗ, ಓದುವವರ ಮಿದುಳಿನಲ್ಲಿ ದುಡಿಯುವ ಭಾಗಗಳು ಎದ್ದು ಕಂಡದ್ದು ಸ್ವಂತ ಬರೆದ ಅಕ್ಷರಗಳಿಗೆ. ಅವರ ಊಹೆ ಸೊಗಸಾಗಿದೆ. ಮಗು ಬರೆದ ಪ್ರತಿ ಅಕ್ಷರವೂ ಸೊಟ್ಟ, ಒಂದರಂತೆ ಇನ್ನೊಂದಿಲ್ಲ. ಆ ಸೊಟ್ಟಗಳನ್ನೆಲ್ಲ ನೋಡಿಯೇ ಅಕ್ಷರದಲ್ಲಿ ಮುಖ್ಯವಾದದ್ದು ಯಾವುದು ಅಂತ ಮಿದುಳು ಹೆಕ್ಕಿಕೊಳ್ಳುತ್ತದೆ. ಹಾಗಾಗಿ ಮೂಲೆಯಲ್ಲಿ ಸೊಟ್ಟ ಬರೆಯಲು ಬಿಡಿ. ಹೆಸರಿನ ಚೀಟಿಗಳಿರಲಿ, ಅಂಗಡಿ ಆಟಕ್ಕೆ ಸಾಮಾನಿನ ಪಟ್ಟಿ ಇರಲಿ, ಸುಮ್ನೆ ಗೀಚಲು ಹಳೇ ಕ್ಯಾಲೆಂಡರಿನ ಹಿಂಬದಿ ಇರಲಿ.

ಎಡಗೈ ಅಪಶಕುನ ಅಂತ ಬಳಪ ಕಿತ್ತು ಬಲಗೈಗೆ ತುರುಕುವ ಅಭ್ಯಾಸ ಇನ್ನೂ ಹೋಗಿಲ್ಲ. ಹತ್ತರಲ್ಲಿ ಒಬ್ಬರು ಎಡಗೈಯವರು, ಇದು ಮಿದುಳಿನ ವ್ಯವಸ್ಥೆ, ಹಟವೂ ಅಲ್ಲ, ದೋಷವೂ ಅಲ್ಲ. ಅಂಥ ಮಗುವಿಗೆ ಹಾಳೆಯನ್ನು ಬಲಗಡೆಗೆ ವಾಲಿಸಿ ಇಡಿ, ಬೆಂಚಿನ ಎಡತುದಿಯಲ್ಲಿ ಕೂರಿಸಿ. ಇಲ್ಲದಿದ್ದರೆ ಪಕ್ಕದವನ ಬಲಮೊಣಕೈಗೆ ಇವನ ಎಡಮೊಣಕೈ ತಾಗಿ, ದಿನವಿಡೀ "ಮಿಸ್, ಇವ್ನು ತಳ್ತಾನೆ" ಕೇಳಬೇಕಾಗುತ್ತದೆ.