ಬೀದಿಯಲ್ಲಿ ನುಡಿಸೋಕೆ ಬ್ಯಾಟರಿ: 20,000 ಎಂಎಎಚ್ ಲೆಕ್ಕದಲ್ಲಿ ನಾನು ಎಡವಿದ್ದೆಲ್ಲಿ

ಚರ್ಚ್ ಸ್ಟ್ರೀಟಿನಲ್ಲಿ ಭಾನುವಾರ ಸಂಜೆ ಐದಕ್ಕೆ ಕೊಳಲು ಶುರು ಮಾಡಿದೆ. ಸ್ಪೀಕರಿಗೆ ಸಿಕ್ಕಿಸಿದ ಪವರ್ ಬ್ಯಾಂಕ್ ಆರೂವರೆ ಗಂಟೆ ಬರುತ್ತದೆ ಅಂತ ನನ್ನ ಲೆಕ್ಕ. ಎಂಟೂಮುಕ್ಕಾಲಿಗೆ, ಮೋಹನ ರಾಗದ ನಡುವೆ, ಸ್ಪೀಕರ್ ಆಫ್. ಆಟೋ ಹಾರ್ನುಗಳ ಮಧ್ಯೆ ಕೊಳಲು ಬರೀ ಉಸಿರಿನ ಹಾಗೆ ಕೇಳಿಸಿತು. ಮನೆಗೆ ಬಂದು ಲೆಕ್ಕವನ್ನು ಮತ್ತೆ ಮಾಡಿದೆ. ಮರೆಯೋ ಮುಂಚೆ ಬರೆದಿಡುತ್ತಿದ್ದೇನೆ.

ತಪ್ಪಿದ ಹೆಜ್ಜೆ

ಪವರ್ ಬ್ಯಾಂಕ್ ಮೇಲೆ 20,000 ಎಂಎಎಚ್ (ಮಿಲಿಆಂಪಿಯರ್-ಅವರ್) ಅಂತಿತ್ತು. ಅಂದರೆ 20 ಆಂಪಿಯರ್-ಅವರ್. ನನ್ನ ಸ್ಪೀಕರ್ 12 ವೋಲ್ಟಿನದು. 20 × 12 = 240 ವ್ಯಾಟ್-ಅವರ್ ಅಂದುಕೊಂಡೆ. ತಪ್ಪು!

ಆ 20,000 ಒಳಗಿರುವ ಲಿಥಿಯಂ ಸೆಲ್‌ಗಳ ಲೆಕ್ಕ. ಸೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ 3.7. ಹಾಗಾಗಿ 20 × 3.7 = 74 ವ್ಯಾಟ್-ಅವರ್, ಅಷ್ಟೇ.

ನನಗೆ ಅರ್ಥವಾಗಿದ್ದು ನೋಟಿನ ಲೆಕ್ಕದಲ್ಲಿ. "ನನ್ನ ಹತ್ರ 20 ನೋಟಿದೆ" ಅಂದರೆ ಎಷ್ಟು ದುಡ್ಡು? ಹತ್ತರ ನೋಟೋ, ಐನೂರರ ನೋಟೋ ಹೇಳದೆ ಗೊತ್ತಾಗಲ್ಲ, ಅಲ್ವಾ? ಎಂಎಎಚ್ ನೋಟಿನ ಎಣಿಕೆ, ವೋಲ್ಟ್ ನೋಟಿನ ಬೆಲೆ. ವ್ಯಾಟ್-ಅವರ್ ಮಾತ್ರ ನಿಜವಾದ ದುಡ್ಡು. 3.7ರ ಇಪ್ಪತ್ತು ನೋಟು ಕೊಟ್ಟರೆ 12ರ ನೋಟು ಆರೇ ಸಿಗೋದು, ಇಪ್ಪತ್ತಲ್ಲ. ಅದನ್ನು ಬದಲಾಯಿಸಿಕೊಡುವ ಸರ್ಕ್ಯೂಟ್ ಕಮಿಷನ್ ಬೇರೆ ಹಿಡಿಯುತ್ತದೆ. ನೂರಕ್ಕೆ ಹದಿನೈದು ಹೋಯಿತು ಅಂತಿಟ್ಟುಕೊಂಡರೆ ಕೈಗೆ ಬರೋದು ಸುಮಾರು 63.

ನನ್ನ ಶಾರ್ಟ್‌ಕಟ್: ಹತ್ತು ಸಾವಿರಕ್ಕೆ ಮೂವತ್ತೇಳು. 10,000ಕ್ಕೆ 37, 20,000ಕ್ಕೆ 74, 30,000ಕ್ಕೆ 111. ಅಂಗಡಿಯಲ್ಲಿ ನಿಂತೇ ಹೇಳಬಹುದು. ಹಿಂಭಾಗದಲ್ಲಿ ಚಿಕ್ಕ ಅಕ್ಷರದಲ್ಲಿ ವ್ಯಾಟ್-ಅವರ್ ಇದ್ದರೆ ತಾಳೆ ನೋಡಿ. ಈ ಸಂಖ್ಯೆ ವಿಮಾನದಲ್ಲೂ ಬೇಕಾಗುತ್ತದೆ: 100ರ ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗಾದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಒಯ್ಯುವಂತಿಲ್ಲ.

ಇನ್ನೊಂದು ಕಡೆಯ ತಪ್ಪು

240 ಅಂದುಕೊಂಡಿದ್ದು ಬರೀ 74 ಆದರೂ ಮೂರೂಮುಕ್ಕಾಲು ಗಂಟೆ ಹೇಗೆ ಬಂತು? ಖರ್ಚನ್ನೂ ತಪ್ಪು ಹಿಡಿದಿದ್ದೆ! ಅಡಾಪ್ಟರ್ ಮೇಲೆ 12 ವೋಲ್ಟ್, 3 ಆಂಪಿಯರ್ ಇತ್ತು, ಅಂದರೆ 36 ವ್ಯಾಟ್. 240 ÷ 36, ಆ ಆರೂವರೆ ಗಂಟೆ ಬಂದಿದ್ದು ಹೀಗೆ. ಆದರೆ ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ಸ್ಪೀಕರ್ ತಿನ್ನುವ ಸರಾಸರಿ ಅಲ್ಲ. ಸಂಗೀತದಲ್ಲಿ ಉಸಿರು ತೆಗೆದುಕೊಳ್ಳುವ ಬಿಡುವು ಇರುತ್ತದೆ. ಯುಎಸ್‌ಬಿ ಪವರ್ ಮೀಟರ್ ನಡುವೆ ಸಿಕ್ಕಿಸಿ ನೋಡಿದರೆ ಸ್ಪೀಕರ್ 12, ಅದರ ಜೊತೆಗಿನ ಸೌಂಡ್ ಮಿಕ್ಸರ್ 4 ವ್ಯಾಟ್ ಆಸುಪಾಸು. 63 ÷ 16 = ಹತ್ತಿರ ಹತ್ತಿರ ನಾಲ್ಕು ಗಂಟೆ. ಸರಿಹೋಯಿತು. ನೀವೂ ನುಡಿಸುವಷ್ಟೇ ಜೋರಾಗಿ ಇಟ್ಟು ಅಳೆಯಿರಿ. ಕೋಣೆಯಲ್ಲಿ ಮೆಲ್ಲಗೆ ಇಟ್ಟು ಅಳೆದರೆ ಬೀದಿಯ ಲೆಕ್ಕ ಸಿಗಲ್ಲ.

ಉಳಿದ ಬ್ಯಾಟರಿಗಳು

ಕಂಪ್ಯೂಟರ್ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಅಗ್ಗ. 84 ವ್ಯಾಟ್-ಅವರ್. ಆದರೆ ಪ್ರತಿ ಸಲ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ತೂಕ ಎರಡು ಕೆಜಿ ದಾಟುತ್ತದೆ. ಮೆಟ್ರೋ ಮೆಟ್ಟಿಲು ಹತ್ತುವಾಗ ನೆನಪಾಗುತ್ತದೆ.

ಇನ್ವರ್ಟರ್ ಬೇಡ ಅನ್ನೋದು ನನ್ನ ಅಭಿಪ್ರಾಯ. 12 ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸೋದು ಯಾಕೆ? ಎರಡು ಕಡೆ ಕಮಿಷನ್. ಬೇಕೇಬೇಕು ಅಂದರೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥ ನಯವಾದ ಅಲೆ) ಇರುವುದೇ ತಗೊಳ್ಳಿ. ಅಗ್ಗದ್ದರಲ್ಲಿ ಸ್ಪೀಕರ್ ಗುಂಯ್ ಅನ್ನುವ ಸಾಧ್ಯತೆ ಜಾಸ್ತಿ.

ಟೈಪ್-ಸಿ ಪವರ್ ಡೆಲಿವರಿಯಿಂದ (ಕೇಳಿದ ವೋಲ್ಟೇಜ್ ಕೊಡುವ ಯುಎಸ್‌ಬಿ ವ್ಯವಸ್ಥೆ) 12 ವೋಲ್ಟ್ ತೆಗೆಯೋ ಕೇಬಲ್ ಕೊಳ್ಳುವ ಮುಂಚೆ ಪವರ್ ಬ್ಯಾಂಕ್ ಮೇಲಿನ ಪಟ್ಟಿ ಓದಿ. 5, 9, 15, 20 ಇದ್ದು 12 ಇಲ್ಲದೇ ಇರಬಹುದು. ನನ್ನ ಹಳೆಯದರಲ್ಲಿ ಇರಲಿಲ್ಲ. ಕೇಬಲ್ 12 ಕೇಳಿತು, ಅದು 9 ಕೊಟ್ಟಿತು, ಸ್ಪೀಕರ್ ದೀಪ ಹತ್ತಿ ಆರಿತು. ಪಿನ್ನಿನ ಪ್ಲಸ್, ಮೈನಸ್ ಕೂಡ ನೋಡಿಕೊಳ್ಳಿ. ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ನಡುವಿನದು ಮೈನಸ್, ಬೇರೆ ಸಾಮಾನುಗಳಲ್ಲಿ ಹೆಚ್ಚಾಗಿ ಪ್ಲಸ್.

ಶ್ರುತಿ ಪೆಟ್ಟಿಗೆ ನಿದ್ದೆ ಹೋದದ್ದು

ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗೆ ಬೇರೆ ಸಣ್ಣ ಪವರ್ ಬ್ಯಾಂಕ್ ಇಟ್ಟಿದ್ದೆ. ಅರ್ಧ ನಿಮಿಷ ಸ-ಪ-ಸ, ಆಮೇಲೆ ಮೌನ. ಮತ್ತೆ ಒತ್ತಿದರೆ ಮತ್ತೆ ಅರ್ಧ ನಿಮಿಷ. ಪೆಟ್ಟಿಗೆ ಕೆಟ್ಟಿದೆ ಅಂತ ಸುಮ್ನೆ ಬಿಚ್ಚಿ ನೋಡಿದೆ. ಕೆಟ್ಟಿರಲಿಲ್ಲ. ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಫೋನ್ ಚಾರ್ಜ್ ಆಗಿ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತಿತ್ತು. ಕೆಲವದರಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ನನ್ನದರಲ್ಲಿ ಇಲ್ಲ. ಇನ್ನೊಂದು ತೂತಿಗೆ ಪುಟ್ಟ ಯುಎಸ್‌ಬಿ ದೀಪ ಸಿಕ್ಕಿಸಿದೆ, ಆಮೇಲೆ ಶ್ರುತಿ ನಿಲ್ಲಲಿಲ್ಲ. ಕೊಳಲಿನ ಕೇಸಿಗೆ ಬಿದ್ದ ಚಿಲ್ಲರೆಯನ್ನು ಈಗ ಆ ಬೆಳಕಲ್ಲೇ ಎಣಿಸೋದು.