ಹಳೆ ಟ್ರಕ್ಕಿಗೆ ಗೇರ್‌ಬಾಕ್ಸ್: ಲೆಕ್ಕ ಮೊದಲು, ಸ್ಪ್ಯಾನರ್ ಆಮೇಲೆ

1960ರ ದಶಕದ ಅಮೆರಿಕನ್ ಪಿಕಪ್ ಟ್ರಕ್ಕನ್ನು ಹೆದ್ದಾರಿಯಲ್ಲಿ ಓಡಿಸಿದರೆ ಮೊದಲು ದಣಿಯುವುದು ಕಿವಿ. ಎಂಜಿನ್ ಒಂದೇ ಸಮನೆ ಅರಚುತ್ತಿರುತ್ತದೆ. ಟಾಪ್ ಗೇರಿನಲ್ಲೇ ಇದ್ದೀರಿ, ಮುಂದೆ ಇನ್ನೊಂದು ಗೇರ್ ಇಲ್ಲ. ಆದರೂ ಕೈ ತಾನಾಗಿ ಗೇರ್ ಲಿವರ್ ಕಡೆ ಹೋಗುತ್ತದೆ.

ಆ ಅರಚಾಟದ ಲೆಕ್ಕ ಸುಲಭ. 28 ಇಂಚು ಎತ್ತರದ ಟೈರ್ ಒಂದು ಸುತ್ತಿಗೆ ಸುಮಾರು 2.23 ಮೀಟರ್ ಉರುಳುತ್ತದೆ. ಗಂಟೆಗೆ 100 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1,667 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 746 ಸುತ್ತು ತಿರುಗಬೇಕು. ಹಿಂದಿನ ಆಕ್ಸಲ್‌ನ ಅನುಪಾತ 4.10 ಆಗಿದ್ದು (ಅಂದರೆ ಚಕ್ರದ ಒಂದು ಸುತ್ತಿಗೆ ಅದನ್ನು ತಿರುಗಿಸುವ ಶಾಫ್ಟ್ 4.10 ಸುತ್ತು), ಟಾಪ್ ಗೇರ್ ನೇರ 1:1 ಆಗಿದ್ದರೆ, ಎಂಜಿನ್ ಸುಮಾರು 3,060 ಸುತ್ತು ತಿರುಗಲೇಬೇಕು. ಬೇರೆ ದಾರಿಯಿಲ್ಲ. ಅದೇ ಟ್ರಕ್ಕಿಗೆ 0.73 ಅನುಪಾತದ, ಅಂದರೆ ಎಂಜಿನ್ನಿಗಿಂತ ಶಾಫ್ಟ್ ಬೇಗ ತಿರುಗುವ, ಓವರ್‌ಡ್ರೈವ್ ಗೇರ್ ಸಿಕ್ಕಿದರೆ ಎಂಜಿನ್ 2,230ರ ಆಸುಪಾಸಿಗೆ ಇಳಿಯುತ್ತದೆ. ವೇಗ ಅದೇ, ರಸ್ತೆ ಅದೇ. ಆದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತದೆ.

ಹಾಗಂತ ಹಳೆ ಗೇರ್‌ಬಾಕ್ಸ್ ಮಾಡಿದವರಿಗೆ ತಿಳಿವಳಿಕೆ ಇರಲಿಲ್ಲ ಅಂತ ಅಲ್ಲ. ಅವರ ಮುಂದಿದ್ದ ಕೆಲಸವೇ ಬೇರೆ. ಜನರಲ್ ಮೋಟರ್ಸ್ ಟ್ರಕ್ಕುಗಳಲ್ಲಿ 1968ರಿಂದ ಬಂದ ಎಸ್‌ಎಂ465 ಎಂಬ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ನೋಡಿ. ಅದರ ಫಸ್ಟ್ ಗೇರ್ 6.55. ಅದಕ್ಕೂ ಹಿಂದಿನ ಎಸ್‌ಎಂ420ರಲ್ಲಿ ಇನ್ನೂ ಜಾಸ್ತಿ, 7.05. 6.55ನ್ನು 4.10ರಿಂದ ಗುಣಿಸಿದರೆ ಸುಮಾರು 27. ಎಂಜಿನ್ 27 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಆಕ್ಸಲರೇಟರ್‌ನಿಂದ ಕಾಲು ತೆಗೆದು, 700 ಸುತ್ತಿನ ಐಡಲಿನಲ್ಲಿ ಬಿಟ್ಟರೆ ಟ್ರಕ್ ಗಂಟೆಗೆ ಮೂರೂವರೆ ಕಿ.ಮೀ. ವೇಗದಲ್ಲಿ ತಾನೇ ಹೋಗುತ್ತಿರುತ್ತದೆ. ಮನುಷ್ಯ ನಿಧಾನವಾಗಿ ನಡೆಯುವ ವೇಗ ಅದು. ಹೊಲದಲ್ಲಿ ಪಕ್ಕದಲ್ಲೇ ನಡೆಯುತ್ತಾ ಹುಲ್ಲಿನ ಕಟ್ಟು ಎತ್ತಿ ಹಾಕಬಹುದು. ಆ ಕೆಲಸಕ್ಕೆ ಇದಕ್ಕಿಂತ ಚೆನ್ನಾದ ಗೇರ್ ಇಲ್ಲ. ಆದರೆ ಖಾಲಿ ಟ್ರಕ್ಕಿನಲ್ಲಿ ಊರೊಳಗೆ ಓಡಾಡುವಾಗ ಫಸ್ಟ್ ಗೇರನ್ನು ಯಾರೂ ಮುಟ್ಟುವುದಿಲ್ಲ, ಸೆಕೆಂಡಿನಲ್ಲೇ ಹೊರಡುತ್ತಾರೆ. ಹೆಸರಿಗೆ ನಾಲ್ಕು ಗೇರ್, ಬಳಕೆಗೆ ಮೂರೇ.

ಹಾಗಾಗಿ ಹಳೆಯದನ್ನು ತೆಗೆದು ಬೇರೆ ಪೆಟ್ಟಿಗೆ ಹಾಕುವಾಗ, ಯಾವ ಗೇರ್‌ಬಾಕ್ಸ್ ಗಟ್ಟಿ ಅಂತ ಕೇಳುವುದಕ್ಕಿಂತ ಮೊದಲು, ಈ ಟ್ರಕ್ಕಿಗೆ ಈಗ ಏನು ಕೆಲಸ ಅಂತ ಕೇಳಬೇಕು. ಟ್ರೇಲರ್ ಎಳೆಯುವುದಿದ್ದರೆ ಎನ್‌ವಿ4500 ಸರಿಯಾದ ಆಯ್ಕೆ. ಎರಕದ ಕಬ್ಬಿಣದ ಮೈ, ಐದು ಗೇರ್, ಸುಮಾರು 90 ಕಿಲೋ ತೂಕ. ಸಾಮಾನ್ಯವಾಗಿ ಸಿಗುವ ಮಾದರಿಯಲ್ಲಿ ಫಸ್ಟ್ 5.61, ಐದನೆಯದು 0.73. ಸುಮ್ನೆ ಓಡಾಡುವ ಹಗುರ ಟ್ರಕ್ಕಿಗೆ ಬೋರ್ಗ್‌ವಾರ್ನರ್ ಟಿ-5 ಸಾಕು. ಅಲ್ಯೂಮಿನಿಯಂ ಮೈಯ ಇದರ ತೂಕ ಸುಮಾರು 35 ಕಿಲೋ ಮಾತ್ರ, ಗೇರ್ ಬೆಣ್ಣೆಯಂತೆ ಬೀಳುತ್ತದೆ. ಆದರೆ ದೊಡ್ಡ ವಿ8 ಎಂಜಿನ್ನಿನ ಏಟನ್ನು ಇದು ತಾಳುವುದಿಲ್ಲ. ಅಂಥ ಎಂಜಿನ್ನಿಗೆ ಟ್ರೆಮೆಕ್ ಕಂಪನಿಯ ಟಿಕೆಒ ತರಹದ್ದು ಬೇಕು.

ಇಲ್ಲಿ ತುಂಬಾ ಜನ ಎಡವುವುದು ಓವರ್‌ಡ್ರೈವ್ ಆಸೆಗೆ. ಅನುಪಾತ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ. ಕೆಲವು ಟಿ-5ಗಳ ಐದನೆಯ ಗೇರ್ 0.63 ಇರುತ್ತದೆ. ಹಿಂದಿನ ಆಕ್ಸಲ್ 3.08 ಆಗಿದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ಬರೀ 1,450 ಸುತ್ತು ತಿರುಗುತ್ತದೆ. ಹಳೆ ಪಿಕಪ್ಪಿನ ಮುಖ ಗೋಡೆಯಂತೆ ನೆಟ್ಟಗೆ. ಗಾಳಿಯ ತಡೆಯೋ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅಷ್ಟು ಕಡಿಮೆ ಸುತ್ತಿನಲ್ಲಿ ಹೆಚ್ಚಿನ ಹಳೆ ಎಂಜಿನ್ನುಗಳಿಗೆ ಆ ಗೋಡೆಯನ್ನು ತಳ್ಳುವಷ್ಟು ಕಸುವು ಇರುವುದಿಲ್ಲ. ಚಿಕ್ಕ ಏರು ಸಿಕ್ಕರೂ ಗೇರ್ ಇಳಿಸಬೇಕು. ಅದೇ 0.63 ಗೇರ್ 4.10 ಆಕ್ಸಲ್ ಜೊತೆ ಸೇರಿದರೆ 1,930 ಸುತ್ತು, ಇದು ಪರವಾಗಿಲ್ಲ. ಗೇರ್, ಆಕ್ಸಲ್, ಟೈರ್ ಮೂರೂ ಸೇರಿ ಒಂದೇ ತೀರ್ಮಾನ. ಒಂದನ್ನು ಮಾತ್ರ ಆರಿಸಲು ಬರುವುದಿಲ್ಲ. ಹೊರಡುವಾಗಿನ ಎಳೆತಕ್ಕೂ ಒಂದು ಅಂದಾಜು ಇದೆ: ಫಸ್ಟ್ ಗೇರನ್ನು ಆಕ್ಸಲ್ ಅನುಪಾತದಿಂದ ಗುಣಿಸಿದರೆ 10ರಿಂದ 12ರ ನಡುವೆ ಬಂದರೆ, ಭಾರ ಹೊರದ ಟ್ರಕ್ ಸಲೀಸಾಗಿ ಹೊರಡುತ್ತದೆ.

ಇನ್ನು ಒಳಗಿನ ವಿಷಯ. ನನಗೆ ಗೇರ್‌ಬಾಕ್ಸಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಸಿಂಕ್ರೊ ಉಂಗುರ. ಬಿಚ್ಚಿದ ಪೆಟ್ಟಿಗೆಯಿಂದ ಒಂದನ್ನು ತೆಗೆದು ಕೈಯಲ್ಲಿಟ್ಟುಕೊಳ್ಳಿ. ಬಳೆಯಷ್ಟು ದೊಡ್ಡ ಹಿತ್ತಾಳೆಯ ಉಂಗುರ, ಹೊರಗೆ ಚೂಪು ತುದಿಯ ಪುಟ್ಟ ಹಲ್ಲುಗಳು. ಒಳಮೈ ಸ್ವಲ್ಪ ಇಳಿಜಾರು. ಅಲ್ಲಿ ಉಗುರು ಆಡಿಸಿದರೆ ಸಣ್ಣ ಗೀರುಗಳು ತಾಗುತ್ತವೆ. ಎಣ್ಣೆಯ ಪದರವನ್ನು ಸೀಳಿ ಲೋಹಕ್ಕೆ ಲೋಹ ಕಚ್ಚುವಂತೆ ಮಾಡಲು ಆ ಗೀರುಗಳು. ನೀವು ಲಿವರ್ ತಳ್ಳಿದಾಗ ಈ ಉಂಗುರ ಗೇರಿನ ಕೋನ್ ಮೇಲೆ ಒತ್ತಿ ಬ್ರೇಕಿನಂತೆ ಉಜ್ಜುತ್ತದೆ. ಎರಡರ ವೇಗ ಬೇರೆ ಇರುವವರೆಗೂ ಆ ಉಜ್ಜಾಟವೇ ಉಂಗುರವನ್ನು ಕೊಂಚ ಓರೆಯಾಗಿ ತಿರುಗಿಸಿ ಹಿಡಿದಿರುತ್ತದೆ. ಹಲ್ಲುಗಳು ದಾರಿಗೆ ಅಡ್ಡ ನಿಲ್ಲುತ್ತವೆ. ವೇಗ ಸಮ ಆದ ಕ್ಷಣ ಉಂಗುರ ಸಡಿಲವಾಗಿ ಪಕ್ಕಕ್ಕೆ ಸರಿಯುತ್ತದೆ, ಗೇರ್ ಬೀಳುತ್ತದೆ. ಸೆನ್ಸರ್ ಇಲ್ಲ, ಕರೆಂಟಿಲ್ಲ. ಬರೀ ಆಕಾರವೇ ಇಷ್ಟೆಲ್ಲ ಮಾಡುತ್ತದೆ. ಹೀಗೆ ಉಜ್ಜಿ ವೇಗ ಸಮ ಮಾಡುವ ಏರ್ಪಾಡು ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲಿ ಮೊದಲು ಬಂತು. ಎಸ್‌ಎಂ465ರ ಫಸ್ಟ್ ಗೇರಿಗೆ ಈ ಉಂಗುರ ಇಲ್ಲ, ಅದಕ್ಕೇ ಟ್ರಕ್ ಪೂರ್ತಿ ನಿಂತ ಮೇಲೆ ಅದನ್ನು ಹಾಕುವುದು.

ಎಣ್ಣೆ ಹಾಕುವಾಗ ಈ ಹಿತ್ತಾಳೆಯನ್ನು ಮರೆಯಬೇಡಿ. ಆಕ್ಸಲಿಗೆ ಹಾಕುವ ಜಿಎಲ್-5 ಎಣ್ಣೆಯಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಬಿಸಿಯಾದಾಗ ಕೆಲವು ಎಣ್ಣೆಗಳು ಹಿತ್ತಾಳೆಯನ್ನು ತಿನ್ನುತ್ತವೆ. ಹಳೆ ಪೆಟ್ಟಿಗೆಗೆ ಜಿಎಲ್-4 ಕ್ಷೇಮ. ವರ್ಲ್ಡ್ ಕ್ಲಾಸ್ ಅನ್ನುವ ಟಿ-5ಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆಯೇ ಬೇಕು.

ಕೂರಿಸುವ ಕೆಲಸದಲ್ಲಿ ಹೆಚ್ಚು ಜನ ಹಾರಿಸಿಬಿಡುವ ಹೆಜ್ಜೆ ಒಂದಿದೆ, ಎಂಜಿನ್ನಿಗೆ ಪೆಟ್ಟಿಗೆಯನ್ನು ಜೋಡಿಸುವ ಗಂಟೆಯಾಕಾರದ ಕವಚ, ಅಂದರೆ ಬೆಲ್‌ಹೌಸಿಂಗ್ ನಡುಮಧ್ಯ ಇದೆಯಾ ಅಂತ ನೋಡುವುದು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ಕಡ್ಡಿಯ ತುದಿ ಬೆಲ್‌ಹೌಸಿಂಗಿನ ದೊಡ್ಡ ರಂಧ್ರದ ಅಂಚಿಗೆ ತಾಗುವಂತೆ ಇಟ್ಟು, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಒಟ್ಟು 0.005 ಇಂಚಿಗಿಂತ ಜಾಸ್ತಿ ಆಡಬಾರದು. ಅಂದರೆ ಸುಮಾರು 0.13 ಮಿ.ಮೀ. ಜಾಸ್ತಿ ಬಂದರೆ ಕೇಂದ್ರ ಸರಿದ ಡೋವೆಲ್ ಪಿನ್ನುಗಳು (ಆ ಕವಚವನ್ನು ಎಂಜಿನ್ನಿನ ಮೇಲೆ ಜಾಗಕ್ಕೆ ಹಿಡಿಯುವ ಗೂಟಗಳು) ಸಿಗುತ್ತವೆ, ಅವನ್ನು ಹಾಕಿ ಸರಿ ಮಾಡಬಹುದು. ಷೆವರ್ಲೆಯಲ್ಲಿ ಇನ್ನೊಂದು ಎಚ್ಚರಿಕೆ: ಹಳೆ ಟ್ರಕ್ಕಿನ ಬೆಲ್‌ಹೌಸಿಂಗ್ ರಂಧ್ರ 5.125 ಇಂಚು, ಕಾರಿನದು 4.686 ಇಂಚು. ಕಾರಿನ ಪೆಟ್ಟಿಗೆಯನ್ನು ಟ್ರಕ್ಕಿಗೆ ಹಾಕಿದರೆ ನಡುವೆ ಸಂದು ಉಳಿಯುತ್ತದೆ. ಬೋಲ್ಟ್ ಬಿಗಿದರೆ ಗಟ್ಟಿಯಾಗಿ ಕೂತ ಹಾಗೆ ಕಾಣುತ್ತದೆ, ಆದರೆ ಕೇಂದ್ರ ತಪ್ಪಿರುತ್ತದೆ. ಆ ಸಂದಿಗೆ ಉಂಗುರ ಹಾಕಲೇಬೇಕು.

ಪೆಟ್ಟಿಗೆ ಒಳಗೆ ಹೋಗದೆ ಅರ್ಧ ಇಂಚಿನಲ್ಲಿ ನಿಂತರೆ ಬೋಲ್ಟಿನಿಂದ ಎಳೆಯಬೇಡಿ. ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. ಹೊರತೆಗೆದು, ಕ್ಲಚ್ ಪ್ಲೇಟನ್ನು ಮತ್ತೆ ನಡುವಿಗೆ ತಂದು, ಪುನಃ ನೂಕಿ. ಸರಿಯಾಗಿದ್ದರೆ ಕೈಯ ಒತ್ತಡಕ್ಕೇ ಹೋಗುತ್ತದೆ.

ಪೆಟ್ಟಿಗೆಯಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ, ಅದು ಗೊತ್ತಿದ್ದದ್ದೇ. ಕೋನವೂ ಬದಲಾಗುತ್ತದೆ ಅನ್ನುವುದು ಮರೆತುಹೋಗುತ್ತದೆ. ಈ ಶಾಫ್ಟಿನ ತುದಿಯಲ್ಲಿರುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಬಾಗಿದ್ದರೆ ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ತಿರುಗುತ್ತದೆ. ಹಿಂದಿನ ಜಾಯಿಂಟ್ ಅಷ್ಟೇ ಕೋನದಲ್ಲಿ ಎದುರು ಬಾಗಿದ್ದರೆ ಆ ಏರಿಳಿತ ವಜಾ ಆಗುತ್ತದೆ. ಇಲ್ಲದಿದ್ದರೆ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ. ಕೋನ ಸೊನ್ನೆ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಇಲ್ಲ. ಒಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಒತ್ತಿ ಗುಳಿ ಮಾಡುತ್ತವೆ. ಅದಕ್ಕೇ 1ರಿಂದ 3 ಡಿಗ್ರಿ ಇಡುವುದು.

ಎಲ್ಲ ಕೂರಿಸಿದ ಮೇಲೆ, ನೆಲದ ತಗಡು ಮುಚ್ಚುವ ಮುಂಚೆ, ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಸ್ಪಾರ್ಕ್ ಪ್ಲಗ್ ತೆಗೆದು, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಫಸ್ಟ್ ಗೇರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಎನ್‌ವಿ4500 ಆದರೆ ಐದೂವರೆ ಸುತ್ತು ದಾಟಿದ ಮೇಲೆ ಗೆರೆ ಒಮ್ಮೆ ಮೇಲೆ ಬರುತ್ತದೆ. ಐದನೆಯದಕ್ಕೆ ಹಾಕಿ ಮೂರು ಸುತ್ತು ತಿರುಗಿಸಿ. ಗೆರೆ ನಾಲ್ಕು ಸಲ ಬಂದು ಇನ್ನೂ ಚೂರು ಮುಂದೆ ಹೋಗಿ ನಿಲ್ಲುತ್ತದೆ.