ರೇಂಜ್‌ಫೈಂಡರ್ ಬೇಸ್: ಲೈಕಾ–ಕಾಂಟ್ಯಾಕ್ಸ್ ಪೈಪೋಟಿಯ ಅಳತೆಗೋಲು

ಹಳೆಯ ಫಿಲ್ಮ್ ಕ್ಯಾಮೆರಾಗಳ ವಿವರಪಟ್ಟಿಯಲ್ಲಿ ‘ರೇಂಜ್‌ಫೈಂಡರ್ ಬೇಸ್’ ಎಂಬ ಅಳತೆಯೊಂದು ಮಿಲಿಮೀಟರ್ ಲೆಕ್ಕದಲ್ಲಿ ಕಾಣಸಿಗುತ್ತದೆ. ರೇಂಜ್‌ಫೈಂಡರ್ ಎಂದರೆ ದೂರಮಾಪಕ. ದೂರ ಅಳೆಯಲು ಕ್ಯಾಮೆರಾದ ಮುಂಭಾಗದಲ್ಲಿ ಇಟ್ಟಿರುವ ಎರಡು ಕಿಟಕಿಗಳ ನಡುವಣ ಅಂತರವೇ ಈ ಬೇಸ್. ಎರಡು ಕಿಟಕಿಗಳಿಂದ ಬಂದ ಬಿಂಬಗಳು ಕಣ್ಣಿಡುವ ಕಿಂಡಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರವನ್ನು ತಿರುಗಿಸಿದಂತೆಲ್ಲ ಒಂದು ಬಿಂಬ ಅಡ್ಡಲಾಗಿ ಸರಿಯುತ್ತದೆ, ಎರಡೂ ಕೂಡಿಕೊಂಡಲ್ಲಿ ಫೋಕಸ್ ಸರಿಯಾಗಿದೆ ಎಂದು ತಿಳಿಯಬೇಕು. ಇದು ತ್ರಿಕೋನದ ಲೆಕ್ಕವಾದ್ದರಿಂದ, ತಳ ಅಗಲವಾದಷ್ಟೂ ದೂರದಲ್ಲಿನ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಬರಿಯ ಅಗಲವನ್ನು ನೋಡಿ ಯಾವ ಕ್ಯಾಮೆರಾ ಮೇಲೆಂದು ತೀರ್ಮಾನಿಸಬಾರದು. ಆ ಅಗಲವನ್ನು ಕಿಂಡಿಯ ವರ್ಧನೆಯಿಂದ, ಅಂದರೆ ಕಿಂಡಿ ಬಿಂಬವನ್ನು ಎಷ್ಟು ಪಟ್ಟು ತೋರಿಸುತ್ತದೋ ಅದರಿಂದ, ಗುಣಿಸಿದಾಗ ಬರುವ ‘ಪರಿಣಾಮಕಾರಿ ಬೇಸ್’ ನಿಜವಾದ ಅಳತೆ.

1932ರಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಂಪನಿ ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಇರುವ ಲೈಕಾ II ತಂದಿತು. ಅದೇ ವರ್ಷ ಡ್ರೆಸ್ಡೆನ್‌ನ ಝೈಸ್ ಐಕಾನ್ ಕಾಂಟ್ಯಾಕ್ಸ್ ಮೂಲಕ ಎದುರು ನಿಂತಿತು. ಝೈಸ್ ಬಳಿ ಹೆಚ್ಚು ಬೆಳಕನ್ನು ಒಳಬಿಡುವ, ಎಫ್/1.5ರ ಸೊನ್ನಾರ್ ಲೆನ್ಸ್ ಇತ್ತು. ಅದನ್ನು ಪೂರ್ತಿ ತೆರೆದು ಒಂದು ಮೀಟರ್ ದೂರದ ಮುಖವನ್ನು ತೆಗೆದರೆ ಸ್ಪಷ್ಟವಾಗಿ ಮೂಡುವುದು ಕೆಲವೇ ಸೆಂಟಿಮೀಟರ್ ಆಳದ ಭಾಗ. ಅಂಥ ಲೆನ್ಸಿಗೆ ಒರಟು ಅಳತೆ ಸಾಲದು. 1936ರ ಕಾಂಟ್ಯಾಕ್ಸ್ II ಸುಮಾರು 90 ಮಿ.ಮೀ. ಬೇಸ್ ಹೊಂದಿದ್ದಲ್ಲದೆ, ಚೌಕಟ್ಟು ನೋಡುವ ಕೆಲಸವನ್ನೂ ದೂರ ಅಳೆಯುವ ಕೆಲಸವನ್ನೂ ಒಂದೇ ಕಿಂಡಿಗೆ ತಂದಿತು. ಲೈಕಾ III ಮಾದರಿಯ ಬೇಸ್ 39 ಮಿ.ಮೀ. ಆಸುಪಾಸು, ಆ ಕೊರತೆಯನ್ನು ಲೈಟ್ಸ್ 1.5 ಪಟ್ಟು ವರ್ಧನೆಯಿಂದ ತುಂಬಿ, ಪರಿಣಾಮಕಾರಿ ಬೇಸನ್ನು 58 ಮಿ.ಮೀ. ಹತ್ತಿರಕ್ಕೆ ಏರಿಸಿತು. ಕಾಗದದ ಮೇಲೆ ಕಾಣುವಷ್ಟು ದೊಡ್ಡ ಅಂತರ ಬಳಕೆಯಲ್ಲಿ ಇರಲಿಲ್ಲ ಎಂದೇ ಹೇಳಬೇಕು. ಅಗಲದ ಬೇಸಿಗೆ ತೆರಬೇಕಾದ ಬೆಲೆಯೂ ಇತ್ತು: ಕಾಂಟ್ಯಾಕ್ಸ್‌ನ ದೂರದ ಕಿಟಕಿ ಬಲಗೈ ಬೆರಳು ಬರುವ ಜಾಗದಲ್ಲೇ ಇರುವುದರಿಂದ, ಹಿಡಿತ ಸ್ವಲ್ಪ ತಪ್ಪಿದರೂ ಬೆರಳು ಅಡ್ಡಬಂದು ಎರಡನೆಯ ಬಿಂಬ ಕಾಣದಾಗುತ್ತದೆ.

ಯುದ್ಧದ ನಂತರ ಜಪಾನಿನವರು ಕಣಕ್ಕಿಳಿದರು. 1948ರ ನಿಕಾನ್ ಕಾಂಟ್ಯಾಕ್ಸ್‌ನ ಹೊರರೂಪವನ್ನು ತೆಗೆದುಕೊಂಡು, ಅದರ ಜಟಿಲವಾದ ಲೋಹದ ಶಟರ್ ಬಿಟ್ಟು ಲೈಕಾ ಬಗೆಯ ಬಟ್ಟೆಯ ಶಟರ್ ಅಳವಡಿಸಿಕೊಂಡಿತು. ವಿವೇಕದ ಆಯ್ಕೆ ಅದು. ಕ್ಯಾನನ್ 1949ರ II ಬಿ ಮಾದರಿಯಲ್ಲಿ ಕಿಂಡಿಯ ವರ್ಧನೆಯನ್ನು ಮೂರು ಹಂತಗಳಲ್ಲಿ ಬದಲಿಸುವ ಏರ್ಪಾಡು ಮಾಡಿತು, ಅಂದರೆ ಕಿಟಕಿಗಳನ್ನು ಕದಲಿಸದೆಯೇ ಪರಿಣಾಮಕಾರಿ ಬೇಸ್ ಹಿಗ್ಗುತ್ತಿತ್ತು. ಇವರೆಲ್ಲರಿಗೂ ಲೈಟ್ಸ್ ಕೊಟ್ಟ ಉತ್ತರ 1954ರ ಲೈಕಾ ಎಂ3: 68.5 ಮಿ.ಮೀ. ಬೇಸ್, 0.91 ವರ್ಧನೆ, ಪರಿಣಾಮಕಾರಿಯಾಗಿ ಸುಮಾರು 62 ಮಿ.ಮೀ., ಎಲ್ಲವೂ ಒಂದೇ ಕಿಂಡಿಯಲ್ಲಿ.

1959ರಲ್ಲಿ ಬಂದ ನಿಕಾನ್ ಎಫ್ ಈ ಲೆಕ್ಕವನ್ನೇ ಅನಗತ್ಯಗೊಳಿಸಿತು. ಕನ್ನಡಿಯ ಮೂಲಕ ಲೆನ್ಸಿನ ಬಿಂಬವನ್ನೇ ನೋಡುವ ಕ್ಯಾಮೆರಾಕ್ಕೆ ಕಿಟಕಿಗಳ ಹಂಗಿಲ್ಲ. ರೇಂಜ್‌ಫೈಂಡರ್ ಬಳಸುವವರಿಗೆ ಮಾತ್ರ ಬೇಸಿನ ಲೆಕ್ಕ ಇಂದಿಗೂ ಮುಖ್ಯ: ಅಗಲ ನೋಟದ 35 ಮಿ.ಮೀ. ಲೆನ್ಸಿನ ಚೌಕಟ್ಟು ಹಿಡಿಸಲು ನಂತರದ ಲೈಕಾ ಎಂ ಮಾದರಿಗಳಲ್ಲಿ ವರ್ಧನೆಯನ್ನು 0.72ಕ್ಕೆ ಇಳಿಸಿದ್ದರಿಂದ ಪರಿಣಾಮಕಾರಿ ಬೇಸ್ 50 ಮಿ.ಮೀ. ಸುಮಾರಿಗೆ ಕುಗ್ಗಿತು. ಆದ್ದರಿಂದ 90 ಅಥವಾ 135 ಮಿ.ಮೀ. ಲೆನ್ಸನ್ನು ಹೆಚ್ಚಾಗಿ ಬಳಸುವವರಿಗೆ ಹಳೆಯ ಎಂ3 ಹೆಚ್ಚು ಒಪ್ಪುತ್ತದೆ.